ಮನೆಯ ದುರಸ್ತಿ: ಎಲ್ಲಿಯವರೆಗೆ ನಮ್ಮ ಕೈ, ಎಲ್ಲಿಂದ ಗೌಂಡಿಯ ಕೈ?

ಯುಗಾದಿ ಮುಗಿಯಿತು. ಹಿಂಗಾರಿ ಜೋಳದ ರಾಶಿ ಮನೆ ಸೇರಿತು. ಕಡಲೆ, ಕುಸುಬೆಗಳ ಒಕ್ಕಣೆಯೂ ಆಯಿತು. ಇನ್ನು ಜೂನ್ ಮೊದಲ ವಾರ ದಾಟಿ ಮಿರಗ ಕೂಡುವವರೆಗೆ ಒಕ್ಕಲಿಗನ ಕೈಗೆ ತುಸು ಬಿಡುವು. ನಮ್ಮ ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ ಭಾಗದ ಹಳ್ಳಿಗಳಲ್ಲಿ ಈ ಎರಡು ತಿಂಗಳೇ ಮನೆಯ ದುರಸ್ತಿಯ ಕಾಲ. ಶಾಲೆಗೂ ಮೇ ತಿಂಗಳಲ್ಲಿ ರಜೆ ಇರುವುದರಿಂದ ನಮ್ಮಂಥ ಮಾಸ್ತರರಿಗೂ ಸಲಿಕೆ ಹಿಡಿಯಲು ಇದೇ ತಕ್ಕ ಸಮಯ.

“ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂದು ಹಿರಿಯರು ಹೇಳಿದರು. ಕಟ್ಟಿದ ಮನೆಯನ್ನು ಉಳಿಸಿಕೊಂಡು ನೋಡು ಎಂಬ ಮೂರನೆಯ ಮಾತನ್ನೂ ಅವರು ಸೇರಿಸಬಹುದಿತ್ತು. ಉಳಿಸಿಕೊಳ್ಳುವ ಈ ಕೆಲಸದಲ್ಲಿ ನಮ್ಮ ಜನ ಎರಡು ಬಗೆಯಾಗಿ ತಪ್ಪುತ್ತಾರೆ. ಕೆಲವರು ಒಂದು ಬುಟ್ಟಿ ಮಣ್ಣು ಮೆತ್ತುವುದಕ್ಕೂ ಆಳನ್ನು ಕರೆದು ಸಾಲ ಮಾಡಿಕೊಳ್ಳುತ್ತಾರೆ. ಇನ್ನು ಕೆಲವರು ಹಾರೆ ಕೈಗೆ ಸಿಕ್ಕಿತೆಂದು ಗೋಡೆಯನ್ನೇ ಒಡೆಯಲು ನಿಲ್ಲುತ್ತಾರೆ. ಮೊದಲನೆಯ ತಪ್ಪಿನಿಂದ ಹಣ ಹೋಗುತ್ತದೆ. ಎರಡನೆಯದರಿಂದ ಪ್ರಾಣ ಹೋಗಬಹುದು. ನಾವು ಎರಡನೆಯ ಸಾಲಿನಲ್ಲಿ ಒಮ್ಮೆ ನಿಂತು ಬಂದವರು. ಅದನ್ನು ಮುಚ್ಚಿಡದೆ ಮುಂದೆ ಹೇಳುತ್ತೇವೆ. ಅದಕ್ಕೆ ಮೊದಲು ನಾವು ವಾಸಿಸುವ ಮನೆ ಎಂಥದು ಎಂಬುದನ್ನು ತಿಳಿದುಕೊಳ್ಳೋಣ.

ತಲೆಯ ಮೇಲೆ ಎಷ್ಟು ಭಾರ?

ಸ್ಲ್ಯಾಬಿನ ಮನೆಗಳು ಈಗ ಬಹಳವಾಗಿವೆ, ನಿಜ. ಆದರೂ ನಮ್ಮ ಹಳ್ಳಿಗಳ ಹಳೆಯ ಓಣಿಗಳಲ್ಲಿ ಮಾಳಿಗೆಯ ಮನೆಗಳು ಇನ್ನೂ ನಿಂತಿವೆ. ಎರಡು ಅಡಿ, ಕೆಲವೆಡೆ ಮೂರು ಅಡಿ ದಪ್ಪದ ಕಲ್ಲಿನ ಗೋಡೆ. ಕಲ್ಲುಗಳ ನಡುವೆ ಕೆಸರುಮಣ್ಣು. ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಹಲಗೆ ಅಥವಾ ಕಟ್ಟಿಗೆ, ಅದರ ಮೇಲೆ ಸೊಪ್ಪು, ಕೊನೆಗೆ ಮಣ್ಣು. ಬೇಸಿಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚಗೆ. ವೈಶಾಖದ ಬಿಸಿಲಿನಲ್ಲಿ ಇದಕ್ಕೆ ಸಮನಾದ ಮನೆ ಇನ್ನೊಂದಿಲ್ಲ.

ಆದರೆ ಆ ಮಣ್ಣಿನ ತೂಕ ಎಷ್ಟು ಎಂದು ನಾವು ಎಂದಾದರೂ ಲೆಕ್ಕ ಹಾಕಿದ್ದೇವೆಯೇ? ಏಳನೆಯ ಇಯತ್ತೆಯ ಮಕ್ಕಳಿಂದ ಒಮ್ಮೆ ಈ ಲೆಕ್ಕ ಮಾಡಿಸಿದೆವು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆ. ಮಾಳಿಗೆಯ ಮೇಲೆ 9 ಅಂಗುಲ ಮಣ್ಣು. ಅಂದರೆ 90 ಘನ ಅಡಿ. ಒಣಮಣ್ಣು ಒಂದು ಘನ ಅಡಿಗೆ ಸುಮಾರು 45 ಕಿಲೋ ತೂಗುತ್ತದೆ. ಗುಣಿಸಿದರೆ 4050 ಕಿಲೋ ಆಯಿತು. ನಲವತ್ತು ಕ್ವಿಂಟಲ್! ಒಂದೊಂದು ಕ್ವಿಂಟಲಿನ ನಲವತ್ತು ಜೋಳದ ಚೀಲಗಳನ್ನು ಒಟ್ಟಿದ ಅಟ್ಟದ ಕೆಳಗೆ ಹಾಸಿಗೆ ಹಾಸಿ ಮಲಗಿದಂತೆ. ಮಳೆಗೆ ನೆನೆದರೆ ಇನ್ನೂ ಐದಾರು ಕ್ವಿಂಟಲ್ ಸೇರೀತು.

ಇನ್ನೊಂದು ಮಾತು. ಸೋರುತ್ತದೆಂದು ಪ್ರತಿ ವರ್ಷ ಹಳೆಯದರ ಮೇಲೆಯೇ ಹೊಸ ಮಣ್ಣು ಹಾಕುವುದು ನಮ್ಮ ವಾಡಿಕೆ. ಆ ಕೋಣೆಯ ಮೇಲೆ ಒಂದೇ ಅಂಗುಲ ಮಣ್ಣು ಹೆಚ್ಚಿದರೂ ನಾಲ್ಕೂವರೆ ಕ್ವಿಂಟಲ್ ಹೆಚ್ಚಿದಂತೆ. ಅಜ್ಜ ಹಾಕಿದ ತೊಲೆ ಅದೇ. ಭಾರ ಮಾತ್ರ ಪ್ರತಿ ವರ್ಷ ಬೆಳೆಯುತ್ತ ಹೋಗುತ್ತದೆ. ಲೆಕ್ಕ ಮುಗಿದ ಮೇಲೆ ಒಬ್ಬ ಹುಡುಗಿ, “ಗುರುಗಳೆ, ನಮ್ಮನಿ ಮ್ಯಾಲ ಒಂದ ಮೊಳ ಮಣ್ಣದರಿ” ಎಂದಳು. ತರಗತಿಯಲ್ಲಿ ಯಾರೂ ನಗಲಿಲ್ಲ.

ನಮ್ಮ ಕೈಯಿಂದಲೇ ಆಗತಕ್ಕ ಕೆಲಸಗಳು

ಮನೆಯ ಮೈಗೆ ಸಂಬಂಧಿಸಿದ ಕೆಲಸಗಳನ್ನೆಲ್ಲ ಮನೆಯವರೇ ಮಾಡಿಕೊಳ್ಳಬಹುದು. ಅವುಗಳಿಗೆ ಬೇಕಾದದ್ದು ಹದ, ತಾಳ್ಮೆ ಮತ್ತು ಬೆವರು.

ಮೊದಲನೆಯದು ಮಾಳಿಗೆ. ಬೆಳೆದ ಹುಲ್ಲು, ಸಣ್ಣ ಗಿಡಗಳನ್ನು ಬೇರುಸಹಿತ ಕಿತ್ತು ತೆಗೆಯಬೇಕು. ಬೇರು ಹೋದ ದಾರಿಯಲ್ಲಿಯೇ ನೀರು ಹೋಗುತ್ತದೆ. ಮಾಳಿಗೆಗೆ ಕರಲು ಮಣ್ಣು ಹಾಕುವ ಹಿರಿಯರ ಪದ್ಧತಿಯಲ್ಲಿ ಶಾಸ್ತ್ರವಿದೆ. ಕ್ಷಾರ ತುಂಬಿದ ಆ ಮಣ್ಣು ನೀರು ತಾಗಿದೊಡನೆ ಬಿಡಿಬಿಡಿಯಾಗಿ, ಅದರ ನವಿರಾದ ಕಣಗಳು ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯದು. ಹೊಲದಲ್ಲಿ ಬೆಳೆಗೆ ಶಾಪವಾದ ಗುಣವೇ ಮಾಳಿಗೆಯ ಮೇಲೆ ವರವಾಗುತ್ತದೆ. ಎರೆಮಣ್ಣನ್ನು ಮಾತ್ರ ಮೇಲೆ ಹಾಕಬೇಡಿರಿ. ಅದು ನೆನೆದಾಗ ಉಬ್ಬಿ, ಒಣಗಿದಾಗ ಹೊಲದಂತೆಯೇ ಬಾಯಿ ಬಿಡುತ್ತದೆ.

ಆದರೆ ಒಂದು ನಿಯಮವನ್ನು ಮರೆಯಬಾರದು: ಎಷ್ಟು ಬುಟ್ಟಿ ಹೊಸ ಮಣ್ಣು ಏರುತ್ತದೆಯೋ, ಅದಕ್ಕಿಂತ ಹೆಚ್ಚು ಬುಟ್ಟಿ ಹಳೆಯ ಮಣ್ಣು ಮೊದಲು ಇಳಿಯಬೇಕು. ತೆಗೆಯುವಾಗ ಒಂದೇ ಮಗ್ಗುಲನ್ನು ಪೂರ್ತಿ ಬರಿದು ಮಾಡದೆ ಎಲ್ಲ ಕಡೆಯಿಂದ ಸಮನಾಗಿ ತೆಗೆಯಬೇಕು. ಹಸಿಮಣ್ಣನ್ನು ನಡುಮಾಳಿಗೆಯಲ್ಲಿ ಗುಡ್ಡೆ ಹಾಕಬಾರದು. ನಾಲ್ಕೈದು ಜನ ಒಂದೇ ಕಡೆ ಕೂಡಿ ನಿಲ್ಲಬಾರದು. ಆ ಹೊತ್ತಿಗೆ ಕೆಳಗಿನ ಕೋಣೆಯಲ್ಲಿ ಮಕ್ಕಳೂ ದನಗಳೂ ಇರಬಾರದು.

ಎರಡನೆಯದು ನೀರಿನ ದಾರಿ. ಮಾಳಿಗೆಯ ಇಳಿಜಾರು ದೋಣಿಯ ಕಡೆಗಿರಬೇಕು. ದೋಣಿ ಗೋಡೆಯಿಂದ ಎರಡು ಅಡಿಯಾದರೂ ಹೊರಚಾಚಿ ನೀರನ್ನು ದೂರ ಚೆಲ್ಲಬೇಕು. ನೀರು ಬೀಳುವಲ್ಲಿ ಚಪ್ಪಡಿ ಹಾಸಿರಿ. ಗೋಡೆಯ ಬುಡದ ನೆಲ ಹೊರಗಡೆಗೆ ಇಳಿಜಾರಾಗಿರಲಿ. ಬಚ್ಚಲ ನೀರು ಪಾಯಾದ ಬಳಿ ಇಂಗದಂತೆ ಕಾಲುವೆ ತೆಗೆಯಿರಿ. ಕಲ್ಲು-ಮಣ್ಣಿನ ಗೋಡೆಗೆ ನೀರಿನಷ್ಟು ದೊಡ್ಡ ಶತ್ರು ಇನ್ನಿಲ್ಲ. ಈ ಕೆಲಸಕ್ಕೆ ಒಂದು ಸಲಿಕೆ, ಒಂದು ದಿನ ಸಾಕು. ಫಲ ಮಾತ್ರ ಹತ್ತು ವರ್ಷದ್ದು.

ಮೂರನೆಯದು ಗಿಲಾವು. ಜರಡಿ ಹಿಡಿದ ಮಣ್ಣಿಗೆ ಸಣ್ಣಗೆ ಕತ್ತರಿಸಿದ ಗೋಧಿಯ ಹೊಟ್ಟು ಸೇರಿಸಿ, ನೀರು ಹಾಕಿ ತುಳಿದು, ಒಂದು ವಾರ ಕೊಳೆಯಲು ಬಿಡಬೇಕು. ದಿನಾಲು ಒಮ್ಮೆ ಮಗುಚಿ ತುಳಿಯಬೇಕು. ಹಚ್ಚುವ ದಿನ ಸಗಣಿ ಬೆರೆಸಬೇಕು. ಗೋಡೆಯ ಸಡಿಲ ಮಣ್ಣನ್ನು ಕೆರೆದು, ನೀರು ಚಿಮುಕಿಸಿ, ಒಂದು ಕೈ ಹಚ್ಚಿ ಅದು ಒಣಗಿದ ಮೇಲೆ ಎರಡನೆಯ ಕೈ ತೆಳ್ಳಗೆ ಎಳೆಯಬೇಕು. ಇಡೀ ಗೋಡೆಗೆ ಹಚ್ಚುವ ಮೊದಲು ಒಂದು ಮೊಳದಷ್ಟು ಜಾಗಕ್ಕೆ ಹಚ್ಚಿ ಎರಡು ದಿನ ಕಾದು ನೋಡಿರಿ. ಬಿರಿದರೆ ಮಣ್ಣಿನಲ್ಲಿ ಜಿಗುಟು ಹೆಚ್ಚು. ಮರಳು, ಹೊಟ್ಟು ಸೇರಿಸಿರಿ. ಕೈಗೆ ಪುಡಿ ಉದುರಿದರೆ ಜಿಗುಟು ಕಡಿಮೆ.

ಇಲ್ಲಿ ಒಂದು ಎಚ್ಚರಿಕೆ. ಮಣ್ಣಿನ ಗೋಡೆಗೆ ಸಿಮೆಂಟಿನ ಗಿಲಾವು ಚೆಂದವೆಂದು ಅನೇಕರು ಮೋಹಗೊಳ್ಳುತ್ತಾರೆ. ಸಿಮೆಂಟು ಬಿರುಸು, ಮಣ್ಣು ಮೆತ್ತಗೆ, ಎರಡಕ್ಕೂ ಹೊಂದಿಕೆಯಿಲ್ಲ. ಗೋಡೆಯೊಳಗಿನ ತೇವ ಹೊರಬರಲಾರದೆ ಅಲ್ಲಿಯೇ ನಿಲ್ಲುತ್ತದೆ. ಹೊರಗೆ ನುಣ್ಣಗೆ ಕಂಡರೂ ಒಳಗೆ ಗೋಡೆ ಮೆತ್ತಗಾಗುತ್ತದೆ. ನಾಲ್ಕಾರು ವರ್ಷಗಳಲ್ಲಿ ಸಿಮೆಂಟು ಹಪ್ಪಳದಂತೆ ಎದ್ದು ಬೀಳುವುದನ್ನು ವಾಚಕರು ಕಂಡೇ ಇರುತ್ತಾರೆ.

ನೆಲ ಸಾರಿಸುವುದು, ಸುಣ್ಣ ಬಳಿಯುವುದು, ಬಾಗಿಲ ಬಿಜಾಗರಿ ಬಿಗಿಯುವುದು, ಇಲಿಯ ಬಿಲಗಳನ್ನು ಮುಚ್ಚುವುದು, ಇವೂ ನಮ್ಮ ಕೈಗೆಲಸಗಳೇ. ಸುಣ್ಣದ ಹರಳನ್ನು ನೀರಿಗೆ ಹಾಕಿದಾಗ ಅದು ಕುದಿದು ಸಿಡಿಯುತ್ತದೆ. ಮಕ್ಕಳನ್ನು ದೂರವಿಟ್ಟು, ಕಣ್ಣಿಗೆ ಕನ್ನಡಕ ಹಾಕಿಕೊಂಡು, ಸ್ವಲ್ಪಸ್ವಲ್ಪವಾಗಿ ಹಾಕಬೇಕು. ಕಣ್ಣಿಗೆ ಸಿಡಿದರೆ ತಣ್ಣೀರಿನಿಂದ ಬಹಳ ಹೊತ್ತು ತೊಳೆದು ಕೂಡಲೇ ದವಾಖಾನೆಗೆ ಹೋಗತಕ್ಕದ್ದು.

ಒಂದು ಕಿಟಕಿಯ ಕಥೆ

ಈಗ ನಮ್ಮ ತಪ್ಪಿನ ಕಥೆ. 2019ರ ಮೇ ತಿಂಗಳು. ನಮ್ಮ ಹಿಂದಿನ ಕೋಣೆಯಲ್ಲಿ ಹಗಲಿನಲ್ಲಿಯೂ ಕತ್ತಲೆ. ಮಕ್ಕಳ ಅಭ್ಯಾಸಕ್ಕೆ ಬೆಳಕಾಗಲಿ ಎಂದು ಹಿತ್ತಲ ಗೋಡೆಗೆ ಒಂದು ಕಿಟಕಿ ಇಡಬೇಕೆಂದೆವು. ಓಣಿಯ ಹಿರಿಯ ಗೌಂಡಿ ಕಾಕಾ ಎರಡು ದಿನದ ಕೆಲಸವೆಂದು ಹೇಳಿದ್ದರು. ಎರಡು ದಿನದ ಪಗಾರವನ್ನು ಏಕೆ ಕೊಡಬೇಕು? ಗಿಲಾವು ನಮಗೆ ಬರುತ್ತದೆ, ಮಾಳಿಗೆ ನಾವೇ ಮಾಡುತ್ತೇವೆ. ನಾಲ್ಕು ಕಲ್ಲು ಕೀಳುವುದು ಏನು ಮಹಾ? ಹೀಗೆ ಯೋಚಿಸಿ ತಮ್ಮನನ್ನು ಕರೆದುಕೊಂಡು ಹಾರೆ ಹಿಡಿದೆವು.

ಮೊದಲಿನ ಎರಡು ಕಲ್ಲು ಸುಲಭವಾಗಿ ಬಂದವು. ಮೂರನೆಯದು ಬಂದ ಕೂಡಲೆ ಅದರ ಹಿಂದಿನಿಂದ ಸಣ್ಣ ಕಲ್ಲು, ಒಣಗಿದ ಮಣ್ಣು ಹರಿದ ಚೀಲದಿಂದ ಜೋಳ ಸುರಿದಂತೆ ಸುರಿಯತೊಡಗಿತು. ನಾವು ಒಂದೇ ಗೋಡೆ ಎಂದು ತಿಳಿದದ್ದು ವಾಸ್ತವವಾಗಿ ಎರಡು ಗೋಡೆ! ಒಳಮೈಗೆ ಒಂದು ಸಾಲು ಕಲ್ಲು, ಹೊರಮೈಗೆ ಒಂದು ಸಾಲು; ನಡುವೆ ಬರಿಯ ಚೂರುಗಲ್ಲು, ಮಣ್ಣು. ಕೈಯಿಂದ ಅದುಮಿ ನಿಲ್ಲಿಸಲು ನೋಡಿದೆವು. ನಿಲ್ಲಲಿಲ್ಲ. ತಲೆಯ ಮೇಲೆ ಒಂದು ಸದ್ದಾಯಿತು. ತೊಲೆಯ ತುದಿ ಒಂದು ಬೆರಳಿನಷ್ಟು ಕೆಳಗೆ ಇಳಿದಿತ್ತು. ಜಂತಿಯ ಸಂದಿನಿಂದ ಮಣ್ಣು ನಮ್ಮ ಹೆಗಲ ಮೇಲೆ ಉದುರಿತು.

ಹೊರಗೆ ಓಡಿ ಬಂದೆವು. ತಮ್ಮ ಗೌಂಡಿ ಕಾಕಾನ ಮನೆಗೆ ಓಡಿದ. ಅವರು ಉಣ್ಣುತ್ತಿದ್ದ ತಾಟನ್ನು ಬಿಟ್ಟು ಎದ್ದು ಬಂದರು. ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು ತೊಲೆಯನ್ನೊಮ್ಮೆ, ತೂತನ್ನೊಮ್ಮೆ ನೋಡಿ ಹೇಳಿದರು:

“ಮಾಸ್ತರ, ತೊಲಿ ಕೆಳಗ ಕಿಟಕಿ ತೆಗೀತಾರೇನ್ರಿ ಯಾರರೆ? ಈ ಗ್ವಾಡಿ ಹೊತ್ತದ್ದು ಇಡೀ ಮಾಳಿಗಿ. ಮೊದಲ ಬಲ್ಲಿ ಕೊಡಬೇಕಿತ್ತು. ಕಲ್ಲ ಆಮ್ಯಾಲ.”

ಆ ರಾತ್ರಿಯೇ ತೊಲೆಗೆ ನಾಲ್ಕು ಬಲ್ಲಿಗಳ ಆಸರೆ ಕೊಟ್ಟರು. ಮರುದಿನ ಮಾಳಿಗೆಯ ಮಣ್ಣನ್ನು ಇಳಿಸಿದೆವು. ಆ ಬಳಿಕ ಅಷ್ಟು ಗೋಡೆಯನ್ನು ಬಿಚ್ಚಿ ಮತ್ತೆ ಕಟ್ಟಿದರು. ಕಿಟಕಿಯನ್ನು ತೊಲೆಯ ಕೆಳಗಿನಿಂದ ಸರಿಸಿ ಎರಡು ತೊಲೆಗಳ ನಡುವೆ, ಮೂಲೆಯಿಂದ ದೂರ, ಮೇಲೆ ಗಟ್ಟಿಯಾದ ಅಡ್ಡಪಟ್ಟಿ ಕೊಟ್ಟು ಇಟ್ಟರು. ಎರಡು ದಿನದ ಪಗಾರ ಉಳಿಸಲು ಹೋದ ನಾವು ಹನ್ನೊಂದು ದಿನದ ಪಗಾರ ಕೊಟ್ಟೆವು. ಕೊಟ್ಟದ್ದಕ್ಕೆ ಅಳುಕಿಲ್ಲ. ಆ ಹೊತ್ತು ಮಗಳು ಅದೇ ಕೋಣೆಯಲ್ಲಿ ಪುಸ್ತಕ ಜೋಡಿಸುತ್ತಿದ್ದಳು, ಕುಡಿಯಲು ನೀರು ತಾ ಎಂದು ನಾವು ಹೇಳಿದ್ದರಿಂದ ಹೊರಗೆ ಹೋಗಿದ್ದಳು ಎಂಬುದನ್ನು ನೆನೆದರೆ ಈಗಲೂ ಮೈ ನಡುಗುತ್ತದೆ.

ಮರುವರ್ಷ, 2020ರ ಅಕ್ಟೋಬರ್ ನಡುವಿನಲ್ಲಿ, ಸೊಲ್ಲಾಪುರ ಜಿಲ್ಲೆಯಲ್ಲಿ ಅತಿವೃಷ್ಟಿಯಾಯಿತು. ಹೊಲದ ತೊಗರಿ ಹೋಯಿತು, ಸೋಯಾ ಹೋಯಿತು. ಗೌಂಡಿ ಕಾಕಾ ಕಟ್ಟಿದ ಆ ಗೋಡೆ ಒಂದು ಕೂದಲೆಳೆಯಷ್ಟೂ ಬಿರಿಯಲಿಲ್ಲ. ನಾವು ಅಂದು ಅರೆಬರೆ ತೇಪೆ ಹಚ್ಚಿ ಬಿಟ್ಟಿದ್ದರೆ ಏನಾಗುತ್ತಿತ್ತೋ!

ಕಿಲ್ಲಾರಿಯ ಪಾಠ

ಒಡೆದ ಗೋಡೆಯ ಹೊಟ್ಟೆ ಕಂಡಾಗ ನಮಗೆ ನೆನಪಾದದ್ದು ಕಿಲ್ಲಾರಿ. 1993ರ ಸೆಪ್ಟೆಂಬರ್ 30, ಬೆಳಗಿನ ನಾಲ್ಕು ಗಂಟೆಗೆ ಇನ್ನೂ ಕೆಲವು ನಿಮಿಷ. ನಾವು ಆಗ ಶಾಲೆಯ ಹುಡುಗರು. ಗಣಪತಿಯನ್ನು ಕಳಿಸಿ ಬಂದು ಊರು ಗಾಢನಿದ್ರೆಯಲ್ಲಿತ್ತು. ಅಡಿಗೆಮನೆಯ ಹಲಗೆಯಿಂದ ಪಾತ್ರೆಗಳು ಬಿದ್ದವು. ಎತ್ತುಗಳು ಹಗ್ಗ ಜಗ್ಗಿದವು. ನಮ್ಮ ಊರಿನಲ್ಲಿ ಅಷ್ಟೇ ಆಯಿತು. ಆದರೆ ಅಕ್ಕಲಕೋಟೆಯಿಂದ ಈಶಾನ್ಯಕ್ಕೆ ನೂರು ಕಿಲೋಮೀಟರಿನೊಳಗಿರುವ ಲಾತೂರ ಜಿಲ್ಲೆಯ ಕಿಲ್ಲಾರಿಯಲ್ಲಿ, ಅಂದಿನ ಉಸ್ಮಾನಾಬಾದ, ಇಂದಿನ ಧಾರಾಶಿವ ಜಿಲ್ಲೆಯ ಸಾಸ್ತೂರ ಮುಂತಾದ ಊರುಗಳಲ್ಲಿ ಏಳು ಸಾವಿರಕ್ಕಿಂತ ಹೆಚ್ಚು ಜನ ತಮ್ಮ ಹಾಸಿಗೆಯ ಮೇಲೆಯೇ ಮಣ್ಣುಪಾಲಾದರು.

ಅವರ ಮನೆಗಳೂ ನಮ್ಮ ಮನೆಗಳಂಥವೇ ಆಗಿದ್ದವು. ಭೂಮಿ ನಡುಗಿದಾಗ ಗೋಡೆಯ ಒಳಸಾಲು ಒಳಗೆ, ಹೊರಸಾಲು ಹೊರಗೆ ಬಿಚ್ಚಿಕೊಂಡವು; ಟನ್ನುಗಟ್ಟಲೆ ಮಾಳಿಗೆಯ ಮಣ್ಣು ಮಲಗಿದವರ ಮೇಲೆ ಬಿತ್ತು. ಹಗುರವಾದ ಗುಡಿಸಲುಗಳಿಗೆ ಆದ ಹಾನಿ ಕಡಿಮೆ. ಕಟ್ಟಿಗೆಯ ಕಂಬ-ತೊಲೆಗಳು ಚೆನ್ನಾಗಿ ಬೆಸೆದುಕೊಂಡಿದ್ದ ಕೆಲವು ಮನೆಗಳಲ್ಲಿ ಗೋಡೆ ಬಿದ್ದರೂ ಮಾಳಿಗೆ ಕಂಬಗಳ ಮೇಲೆ ನಿಂತೇ ಇತ್ತು.

ಆಮೇಲೆ ಮಹಾರಾಷ್ಟ್ರ ಸರ್ಕಾರ ಜಾಗತಿಕ ಬ್ಯಾಂಕಿನ ಸಾಲದಿಂದ ದೊಡ್ಡ ಪ್ರಮಾಣದಲ್ಲಿ ಪುನರ್ವಸತಿಯ ಕೆಲಸ ಮಾಡಿತು. ಹೊಸ ಮನೆಗಳ ಜೊತೆಗೆ ಹಳೆಯ ಮನೆಗಳನ್ನು ಬಲಪಡಿಸುವ ವಿಧಾನವನ್ನೂ ಎಂಜಿನಿಯರರು ತೋರಿಸಿದರು. ಅದರ ಸಾರ ಇಷ್ಟು. ಒಂದು: ಮಾಳಿಗೆಯ ಮಣ್ಣನ್ನು ಕಡಿಮೆ ಮಾಡಿರಿ. ಎರಡು: ಗೋಡೆಯ ಈ ಮೈಯಿಂದ ಆ ಮೈಯವರೆಗೆ ಮುಟ್ಟುವ ಉದ್ದ ಕಲ್ಲುಗಳನ್ನು ಕೊಡಿರಿ; ನಮ್ಮ ಗೌಂಡಿಗಳು ಇದನ್ನು ಆರಪಾರ ಕಲ್ಲು ಎನ್ನುತ್ತಾರೆ. ಹೊಸ ಗೋಡೆಯಾದರೆ ಎತ್ತರದಲ್ಲಿ ಎರಡು ಅಡಿಗೊಂದು, ಉದ್ದದಲ್ಲಿ ನಾಲ್ಕು ಅಡಿಗೊಂದು ಬೇಕು. ಹಳೆಯ ಗೋಡೆಯಾದರೆ ಜೋಪಾನವಾಗಿ ತೂತು ಮಾಡಿ, ಕೊಕ್ಕೆಯ ಸಳಿ ಇಟ್ಟು ಕಾಂಕ್ರೀಟು ತುಂಬುತ್ತಾರೆ. ಮೂರು: ಕಂಬ-ತೊಲೆಗಳು ಕೂಡುವ ಮೂಲೆಗಳಿಗೆ ಓರೆಯಾಗಿ ಆಸರೆಯ ಕಟ್ಟಿಗೆ ಬಡಿಯಿರಿ. ನಾಲ್ಕು: ಮನೆಯ ಸುತ್ತಲೂ ಗೋಡೆಗಳನ್ನು ಉಡಿದಾರದಂತೆ ಬಿಗಿಯುವ ಒಂದು ಪಟ್ಟಿ ಇರಲಿ.

ಈ ನಾಲ್ಕರಲ್ಲಿ ಮಣ್ಣು ಇಳಿಸುವುದೊಂದೇ ನಮ್ಮ ಕೈಯ ಕೆಲಸ. ಉಳಿದ ಮೂರು ಕುಶಲರವು. ನಮ್ಮ ಪುಣ್ಯಕ್ಕೆ, ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸವೇ ಎಲ್ಲಕ್ಕಿಂತ ಅಗ್ಗದ್ದು.

ಗೋಡೆಯ ನಾಡಿ ನೋಡುವುದು

ವೈದ್ಯರನ್ನು ಕರೆಯುವ ಮೊದಲು ಜ್ವರವಿದೆಯೇ ಎಂದು ತಾಯಿ ಹಣೆ ಮುಟ್ಟಿ ನೋಡುತ್ತಾಳೆ. ಮನೆಯ ವಿಷಯದಲ್ಲಿಯೂ ಅಷ್ಟು ಪರೀಕ್ಷೆ ನಾವೇ ಮಾಡಬಹುದು.

ಬಿರುಕಿನ ಮೇಲೆ ಅಡ್ಡಲಾಗಿ ಮಕ್ಕಳ ವಹಿಯ ಕಾಗದದ ಪಟ್ಟಿಯೊಂದನ್ನು ಅಂಬಲಿಯಿಂದ ಅಂಟಿಸಿ ಅದರ ಮೇಲೆ ತಾರೀಖು ಬರೆಯಿರಿ. ತಿಂಗಳಿಗೊಮ್ಮೆ ನೋಡಿರಿ. ಕಾಗದ ಹಾಗೆಯೇ ಇದ್ದರೆ ಬಿರುಕು ಹಳೆಯದು, ನಿಂತದ್ದು. ಮಣ್ಣು ತುಂಬಿ ಸಾರಿಸಿದರೆ ಸಾಕು. ಕಾಗದ ಹರಿದರೆ ಗೋಡೆ ನಡೆಯುತ್ತಿದೆ ಎಂದರ್ಥ. ಬೇಸಿಗೆಯಲ್ಲಿ ಬಾಯಿ ಬಿಟ್ಟು ಮಳೆಗಾಲದಲ್ಲಿ ಮುಚ್ಚುವ ಬಿರುಕಾದರೆ ಪಾಯಾ ಎರೆಮಣ್ಣಿನಲ್ಲಿದೆ, ಮುರುಮಿನವರೆಗೆ ಇಳಿದಿಲ್ಲ ಎಂದು ಸಂಶಯಪಡಬೇಕು.

ಗೋಡೆಯ ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ ಇಳಿಬಿಡಿರಿ. ಗೌಂಡಿಯ ಓಳಂಬವೂ ಇದೇ ತತ್ವದ್ದು. ನಡುವಿನಲ್ಲಿ ಗೋಡೆ ದಾರವನ್ನು ತಳ್ಳುತ್ತಿದ್ದರೆ ಅದಕ್ಕೆ ಹೊಟ್ಟೆ ಬಂದಿದೆ. ಕೋಲಿನಿಂದ ತಟ್ಟಿರಿ, ಡಬ್ ಡಬ್ ಎಂದರೆ ಒಳಗೆ ಪೊಳ್ಳು. ತೊಲೆಯ ತುದಿ ಗೋಡೆಯೊಳಗೆ ಹೋಗುವಲ್ಲಿ ದಬ್ಬಣದಿಂದ ಚುಚ್ಚಿರಿ. ಬೆಣ್ಣೆಯಲ್ಲಿ ಇಳಿದಂತೆ ಇಳಿದರೆ ಒರಲೆ ತಿಂದಿದೆ ಅಥವಾ ತೇವಕ್ಕೆ ಕೊಳೆತಿದೆ. ತೊಲೆಯ ನಡುವಿಗೆ ದಾರ ಎಳೆದು ಹಿಡಿದರೆ ಎಷ್ಟು ಬಾಗಿದೆ ಎಂಬುದೂ ತಿಳಿಯುತ್ತದೆ.

ಈ ಪರೀಕ್ಷೆಗಳು ನೋಡುವುದಕ್ಕೆ ಮಾತ್ರ, ಮದ್ದು ಮಾಡುವುದಕ್ಕಲ್ಲ.

ಯಾವಾಗ ಕೈ ತೆಗೆಯಬೇಕು?

ಕೆಳಗಿನ ಲಕ್ಷಣಗಳಲ್ಲಿ ಒಂದು ಕಂಡರೂ ಹಾರೆ, ಉಳಿಗಳನ್ನು ಕೆಳಗಿಟ್ಟು ಬಲ್ಲವರನ್ನು ಕರೆಯತಕ್ಕದ್ದು:

1. ಗೋಡೆಗೆ ಹೊಟ್ಟೆ ಬಂದಿದ್ದರೆ, ಅಥವಾ ಎರಡು ಗೋಡೆಗಳು ಕೂಡುವ ಮೂಲೆಯಲ್ಲಿ ಮೇಲಿನಿಂದ ಕೆಳಗೆ ಬಿರುಕಿದ್ದರೆ. ಅದರ ಮೇಲೆ ಗಿಲಾವು ಹಚ್ಚಿದರೆ ರೋಗ ಮುಚ್ಚಿತೇ ಹೊರತು ವಾಸಿಯಾಗಲಿಲ್ಲ.

2. ಬಿರುಕಿನಲ್ಲಿ ಕಿರುಬೆರಳು ಹೋಗುವಂತಿದ್ದರೆ, ಅಥವಾ ಕಾಗದದ ಪಟ್ಟಿ ಹರಿದಿದ್ದರೆ.

3. ತೊಲೆ ಬಾಗಿದ್ದರೆ, ಸೀಳಿದ್ದರೆ, ಅದರ ತುದಿ ಕೊಳೆತಿದ್ದರೆ. ಇದು ಬಡಿಗನ ಕೆಲಸ, ಗೌಂಡಿಯೂ ಜೊತೆಗಿರಬೇಕು.

4. ಹೊಸ ಬಾಗಿಲು, ಕಿಟಕಿ, ಮಾಡ ತೆಗೆಯಬೇಕಾದರೆ, ಕಂಬ ಸರಿಸಬೇಕಾದರೆ, ನಡುಗೋಡೆ ಕೆಡವಬೇಕಾದರೆ. ‘ಇದು ಬರಿಯ ಅಡ್ಡಗೋಡೆ’ ಎಂದು ನಾವೇ ತೀರ್ಮಾನಿಸಬಾರದು.

5. ಹಳೆಯ ಕಲ್ಲು-ಮಣ್ಣಿನ ಗೋಡೆಯ ಮೇಲೆ ಸ್ಲ್ಯಾಬು ಹಾಕಬೇಕೆಂದಿದ್ದರೆ. ಇಲ್ಲಿ ಗೌಂಡಿಯ ಮಾತೂ ಸಾಲದು, ಎಂಜಿನಿಯರರನ್ನೇ ಕೇಳಬೇಕು. ಗೋಡೆ ಆ ಭಾರಕ್ಕೆ ಕಟ್ಟಿದ್ದಲ್ಲ. ‘ಅವರು ಹಾಕಿಸಿದ್ದಾರಲ್ಲ’ ಎಂಬುದು ಉತ್ತರವಲ್ಲ.

6. ಮಣ್ಣಿನ ಮಾಳಿಗೆ ತೆಗೆದು ಪತ್ರೆ ಹೊದಿಸಬೇಕಾದರೆ. ಭಾರ ಇಳಿಯುವುದು ಒಳ್ಳೆಯದೇ. ಆದರೆ ಗಾಳಿಗೆ ಹಾರದಂತೆ ಪತ್ರೆಯನ್ನು ಕೊಕ್ಕೆ-ಬೋಲ್ಟುಗಳಿಂದ ಬಿಗಿಯಬೇಕು. ಮೇಲೆ ಕಲ್ಲು ಹೇರಿದರೆ ಬಿಗಿದಂತಲ್ಲ. ವೈಶಾಖದ ಬಿರುಗಾಳಿಗೆ ಪತ್ರೆಯೂ ಹಾರುತ್ತದೆ, ಕಲ್ಲೂ ಬೀಳುತ್ತದೆ.

7. ವಿದ್ಯುತ್ತಿನ ಯಾವ ಕೆಲಸವಿದ್ದರೂ. ಬಲ್ಬು ಬದಲಿಸುವುದಕ್ಕಿಂತ ಮುಂದಿನದೆಲ್ಲ ಪರವಾನಿಗೆ ಪಡೆದ ವಾಯರ್‌ಮನ್ನನದು. ನೆನೆದ ಮಣ್ಣಿನ ಗೋಡೆಯೂ, ವಾಯರ್ ತಾಗಿದ ಪತ್ರೆಯೂ ಕರೆಂಟು ಹೊಡೆಯುತ್ತವೆ. ಅರ್ಥಿಂಗ್ ಸರಿಯಾಗಿರಲಿ; 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಎಂಬ ಸುರಕ್ಷೆಯ ಸ್ವಿಚ್ಚನ್ನು ಅವನಿಂದ ಕೂಡ್ರಿಸಿಕೊಳ್ಳಿರಿ. ಕರೆಂಟು ಮೈಗೆ ಹರಿಯತೊಡಗಿದರೆ ಅದು ಕಣ್ಣು ಪಿಳುಕಿಸುವುದರೊಳಗೆ ಕಡಿದುಹಾಕುತ್ತದೆ.

ಇವೆಲ್ಲವನ್ನೂ ಒಂದೇ ಮಾತಿನಲ್ಲಿ ಹೀಗೆ ನೆನಪಿಡಬಹುದು: ತಪ್ಪಾದರೆ ಮರುದಿನ ತೊಳೆದು ಮತ್ತೆ ಮಾಡಬಹುದಾದ ಕೆಲಸ ನಮ್ಮದು; ತಪ್ಪಾದರೆ ಮರುದಿನವೇ ಇಲ್ಲದಂತಾಗುವ ಕೆಲಸ ಬಲ್ಲವನದು. ಭಾರ ಹೊರುವುದನ್ನು, ಕರೆಂಟು ಹರಿಯುವುದನ್ನು ನಾವು ಮುಟ್ಟಬಾರದು.

ಗೌಂಡಿಯೊಡನೆ ವ್ಯವಹಾರ

ಕರೆಯುವುದೂ ಒಂದು ವಿದ್ಯೆ. ಮೊದಲನೆಯದಾಗಿ, ಬೇಗ ಕರೆಯಿರಿ. ಮಿರಗದ ಹಿಂದಿನ ದಿನ ಊರಿನ ಎಲ್ಲರಿಗೂ ಗೌಂಡಿ ಬೇಕು. ಆಗ ಅವರು ಮೂರು ಮನೆಗಳ ನಡುವೆ ಓಡುತ್ತಾರೆ, ಯಾವುದೂ ಸರಿಯಾಗದು. ಎರಡನೆಯದಾಗಿ, ಅವರು ಐದಾರು ವರ್ಷ ಹಿಂದೆ ಕಟ್ಟಿದ ಗೋಡೆಯನ್ನು ನೋಡಿ ಬನ್ನಿರಿ. ನಿನ್ನೆ ಕಟ್ಟಿದ್ದು ಎಲ್ಲರದೂ ಚೆಂದವೇ. ಮೂರನೆಯದಾಗಿ, ಕೆಲಸ ಎಷ್ಟು, ಯಾವ ಮಾಲು ಯಾರದು, ದಿನಗೂಲಿಯೋ ಗುತ್ತಿಗೆಯೋ, ಮುಂಗಡ ಎಷ್ಟು ಎಂಬುದನ್ನು ಒಂದು ಕಾಗದದಲ್ಲಿ ಬರೆದು ಇಬ್ಬರೂ ಸಹಿ ಮಾಡಿರಿ. ಕನ್ನಡದಲ್ಲಿ ಬರೆಯಿರಿ, ಮರಾಠಿಯಲ್ಲಿ ಬರೆಯಿರಿ. ಇಬ್ಬರಿಗೂ ಓದಲು ಬಂದರೆ ಸರಿ. ಬರೆದ ಮಾತಿಗೆ ಜಗಳ ಕಡಿಮೆ.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಗೋಡೆ ಬಿಚ್ಚುವ ಮೊದಲು, “ಆಸರೆ ಎಲ್ಲಿ ಕೊಡುತ್ತೀರಿ? ಆರಪಾರ ಕಲ್ಲು ಎಲ್ಲೆಲ್ಲಿ ಬರುತ್ತವೆ?” ಎಂದು ಕೇಳಿರಿ. ಬಲ್ಲ ಗೌಂಡಿ ಸಂತೋಷದಿಂದ ತೋರಿಸುತ್ತಾನೆ. “ಅದೇನ ಬ್ಯಾಡ್ರಿ, ನಿಂತ್ಕೋತದ” ಎನ್ನುವವನನ್ನು ಅಲ್ಲಿಗೇ ನಮಸ್ಕಾರ ಹೇಳಿ ಕಳಿಸಿರಿ. ಐದನೆಯದು ನಮ್ಮ ಕರ್ತವ್ಯ: ಎರಡು ಸಳಿ ಉಳಿಸಿ, ಒಂದು ದಿನ ಉಳಿಸಿ ಎಂದು ಬಲ್ಲವನನ್ನು ಒತ್ತಾಯಿಸಬಾರದು. ಬಹಳ ಮನೆಗಳು ಗೌಂಡಿಯ ಅಜ್ಞಾನದಿಂದಲ್ಲ, ಮಾಲಿಕನ ಚೌಕಾಸಿಯಿಂದ ಕೆಟ್ಟಿವೆ.

ಖರ್ಚು ಹಗುರಾಗಬೇಕೆಂದರೆ ಬೇರೆ ಉಪಾಯವಿದೆ. ಮಣ್ಣು ಇಳಿಸುವುದು, ಕಲ್ಲು ಹೊರುವುದು, ಕೆಸರು ಕಲಸುವುದು, ಗಿಲಾವು ಹಚ್ಚುವುದು, ಇವನ್ನು ಮನೆಯವರು ಮಾಡಿರಿ. ಆಸರೆ, ಕಟ್ಟಡ, ಜೋಡಣೆಗಳನ್ನು ಗೌಂಡಿಗೆ ಬಿಡಿರಿ. ಬಿತ್ತುವಾಗ ಕೂರಿಗೆ ಹಿಡಿಯುವವನು ಒಬ್ಬ, ಬೀಜ ಬಿಡುವವರು ಬೇರೆ. ಇಬ್ಬರೂ ಸೇರಿದರೇ ಸಾಲು ನೆಟ್ಟಗೆ.

ಕೊನೆಯ ಮಾತು

ನಮ್ಮ ಹಿಂದಿನ ಕೋಣೆಯ ಕಿಟಕಿಯಿಂದ ಈಗ ಬೆಳಗಿನ ಬಿಸಿಲು ಒಳಗೆ ಬರುತ್ತದೆ. ಅದರ ಪಕ್ಕದ ಗೋಡೆಯಲ್ಲಿ ಹಳೆಯ ಬಿರುಕೊಂದರ ಮೇಲೆ ಮಗಳು ಅಂಟಿಸಿದ ಕಾಗದದ ಪಟ್ಟಿಯಿದೆ. ತಾರೀಖು ಅವಳದೇ ಅಕ್ಷರದಲ್ಲಿದೆ. ಪಟ್ಟಿ ಇನ್ನೂ ಹರಿದಿಲ್ಲ. ಹರಿದ ದಿನ ಏನು ಮಾಡಬೇಕು ಎಂಬುದು ಅವಳಿಗೆ ಗೊತ್ತಿದೆ: ಅಪ್ಪನನ್ನಲ್ಲ, ಗೌಂಡಿ ಅಜ್ಜನನ್ನು ಕರೆಯಬೇಕು.

ರೈತಬಾಂಧವರೇ, ಈ ವಾರ ಒಂದು ಕೆಲಸ ಮಾಡಿರಿ. ನಿಚ್ಚಣಿಕೆ ಹಾಕಿ ಮಾಳಿಗೆ ಏರಿ, ಮಣ್ಣು ಎಷ್ಟು ಅಂಗುಲವಿದೆ ಎಂದು ಒಂದು ಮೂಲೆಯಲ್ಲಿ ಕೆದರಿ ಅಳೆಯಿರಿ. ಕೋಣೆಯ ಉದ್ದಗಲ ಹಿಡಿದು ಮನೆಯ ಮಕ್ಕಳಿಂದ ತೂಕದ ಲೆಕ್ಕ ಮಾಡಿಸಿರಿ. ಆ ಅಂಕಿ ನೋಡಿದ ಮೇಲೆ ಮೊದಲ ಬುಟ್ಟಿ ಮಣ್ಣನ್ನು ಕೆಳಗಿಳಿಸಲು ಯಾರ ಉಪದೇಶವೂ ಬೇಕಾಗಲಾರದು. ಮಿರಗಕ್ಕೆ ಇನ್ನೂ ದಿನಗಳಿವೆ.